ಕೋಲಾಟದಲ್ಲಿ ನಾನು ಕೂಗಿದ ‘ಬಲ’

ನಾನು ಚಿಕ್ಕವಳಿದ್ದಾಗ ನನ್ನ ಗಂಟಲು ಮಾತ್ರ ದೊಡ್ಡದಿತ್ತು. ಅಂಗಳದಲ್ಲಿ ನಿಂತು ಅಕ್ಕನನ್ನು ಕರೆದರೆ ಮೂರು ಮನೆಯಾಚೆ ಬಾವಿಕಟ್ಟೆಯಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಆ ಗಂಟಲಿನಿಂದಾಗಿಯೇ, ಐದನೇ ಕ್ಲಾಸಿನಲ್ಲಿದ್ದಾಗ, ಶಾಲೆಯ ವಾರ್ಷಿಕೋತ್ಸವದ ಕೋಲಾಟ ಕಲಿಸುವ ಕೆಲಸವೂ ಕೂಗುವ ಕೆಲಸವೂ ನನ್ನ ಪಾಲಿಗೆ ಬಂದವು. ಅಪ್ಪ ಎರಡು ದಿನ ಕೂತು ನನಗಾಗಿ ಕೋಲು ಕೆತ್ತಿ, ತೆಂಗಿನೆಣ್ಣೆ ಹಚ್ಚಿ ಒರೆಸಿ ಕೊಟ್ಟಿದ್ದರು.

ನಮ್ಮದು ಹಂಪನಕಟ್ಟೆಯ ಇಳಿಜಾರಿನಲ್ಲಿದ್ದ ಹೆಂಚಿನ ಮಾಡಿನ ಶಾಲೆ. ಟೀಚರ್ ತೋರಿಸಿಕೊಟ್ಟ ಕೋಲಾಟ ಸುಲಭದ್ದಲ್ಲ. ಒಳಗೊಂದು ಸುತ್ತು, ಹೊರಗೊಂದು ಸುತ್ತು, ಎದುರುಬದುರು ಜೋಡಿಗಳು. ನಾಲ್ಕು ಪೆಟ್ಟು ಹೊಡೆದ ಮೇಲೆ ನಡುವೆ ನಿಂತ ನಾನು ‘ಎಡ’ ಎಂದರೆ ಹೊರಸುತ್ತಿನವರು ಎಡಕ್ಕೆ ಸರಿದು ಮುಂದಿನವಳಿಗೆ ಜೋಡಿಯಾಗಬೇಕು. ‘ಬಲ’ ಎಂದರೆ ಬಲಕ್ಕೆ. ಯಾವಾಗ ಯಾವುದನ್ನು ಕೂಗುವುದು ಎಂಬುದು ನನ್ನ ಇಷ್ಟ. ಬಾಯಿಪಾಠ ಮಾಡಿ ಕುಣಿಯುವ ಹಾಗಿರಲಿಲ್ಲ, ಕಿವಿ ಕೊಟ್ಟೇ ಕುಣಿಯಬೇಕು.

ಹೊರಸುತ್ತಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಆ ವರ್ಷವಷ್ಟೇ ಶಾಲೆಗೆ ಸೇರಿದವಳು. ಹೊಳೆಯಾಚೆಯ ಬೆಂಗ್ರೆಯಿಂದ ದೋಣಿ ದಾಟಿ ಬರುತ್ತಿದ್ದಳು. ಲಂಗದ ಅಂಚು ಯಾವಾಗಲೂ ಉಪ್ಪುನೀರಿಗೆ ಬೆಳ್ಳಗಾಗಿರುತ್ತಿತ್ತು. ನಾವು ಅವಳನ್ನು ‘ಬೆಂಗ್ರೆ’ ಎಂದೇ ಕರೆಯುತ್ತಿದ್ದೆವು. ಅವಳಿಗೊಂದು ಹೆಸರಿತ್ತು, ನಾನು ಕೇಳಿ ಇಟ್ಟುಕೊಳ್ಳಲಿಲ್ಲ.

ಅಭ್ಯಾಸದಲ್ಲಿ ನಾನು ‘ಎಡ’ ಎಂದಾಗ ಸರಿಯಾಗಿ ಕುಣಿಯುವ ಅವಳು ‘ಬಲ’ ಎಂದಾಗಲೆಲ್ಲ ಸುತ್ತು ಬಿಟ್ಟು ನೇರ ನನ್ನ ಕಡೆಗೇ ಬರುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಒಂದು ದಿನ ನಾನು ಗದರಿದೆ.

“ಅಕ್ಕ, ನೀವು ಬಲ ಅಂದ್ರಲ್ಲ, ಕರೆದದ್ದು ಅಂತ ಬಂದೆ” ಎಂದಳು.

ತುಳುವಿನಲ್ಲಿ ‘ಬಲ’ ಎಂದರೆ ‘ಬಾ’. ನಮ್ಮ ಮನೆಯ ಮಾತೂ ತುಳುವೇ. ಆದರೆ ಶಾಲೆಯ ಗೇಟು ದಾಟಿದೊಡನೆ ನಮ್ಮ ಕಿವಿ ಕನ್ನಡಕ್ಕೆ ತಿರುಗಿಬಿಡುತ್ತಿತ್ತು. ಅವಳ ಕಿವಿ ಇನ್ನೂ ತಿರುಗಿರಲಿಲ್ಲ.

“ಕರೀಲಿಕ್ಕೆ ನೀನೆಂತ ನನ್ನ ನೆಂಟಳಾ? ಶಾಲೆಯಲ್ಲಿ ಕನ್ನಡ ಕೇಳ್ಬೇಕು ಮಾರಾಯ್ತಿ” ಎಂದೆ. ಎಲ್ಲರೂ ಮತ್ತೆ ನಕ್ಕರು.

“ಬಲಗಡೆ ಅಂತ ಹೇಳಿದ್ರೆ ನಂಗೆ ಗೊತ್ತಾಗ್ತದೆ. ನಮ್ಮ ಅಮ್ಮ ನೋಡ್ಲಿಕ್ಕೆ ಬರ್ತಾರೆ ಅಕ್ಕ. ಚೆಂದ ಮಾಡಿದ್ರೆ ಮುಂದಿನ ವರ್ಷವೂ ಶಾಲೆಗೆ ಕಳಿಸ್ತಾರಂತೆ. ಇಲ್ಲದಿದ್ರೆ ಮೀನು ಒಣಗಿಸ್ಲಿಕ್ಕೆ ಹೋಗ್ಬೇಕು.”

“ಬಲಗಡೆ ಅಂದ್ರೆ ತಾಳ ತಪ್ತದೆ” ಎಂದುಬಿಟ್ಟೆ.

ರಾತ್ರಿ ಗಂಜಿ ಬಡಿಸುತ್ತಾ ಅಕ್ಕ ಇದನ್ನು ಕೇಳಿ, “ಒಂದು ಶಬ್ದ ಬದಲಿಸ್ಲಿಕ್ಕೆ ನಿಂಗೆ ಎಂತ ಕಷ್ಟ?” ಎಂದಳು. ಕಷ್ಟ ಏನೂ ಇರಲಿಲ್ಲ. ಆ ಹುಡುಗಿ ಹೇಳಿದ್ದಕ್ಕೆ ನಾನು ಬದಲಿಸಬೇಕೇ ಎಂಬ ಜಂಬ, ಅಷ್ಟೇ.

ವಾರ್ಷಿಕೋತ್ಸವದ ದಿನ ಮಧ್ಯಾಹ್ನ ಅಂಗಳಕ್ಕೆ ನೀರು ಚಿಮುಕಿಸಿದ್ದರು. ಒದ್ದೆ ಕೆಂಪು ಮಣ್ಣಿನ ವಾಸನೆ ಬರುತ್ತಿತ್ತು. ಅವಳ ಅಮ್ಮ ಮೀನು ಮಾರಿ ಬಂದು, ಖಾಲಿ ಬುಟ್ಟಿಯನ್ನು ಗೇಟಿನ ಹೊರಗೆ ಕವುಚಿಟ್ಟು, ಬೆಂಚಿನಲ್ಲಿ ಜಾಗವಿದ್ದರೂ ಕೂರದೆ ಗೇಟಿನ ಕಂಬಕ್ಕೆ ಒರಗಿ ನಿಂತಿದ್ದರು.

ಕೋಲಾಟ ಶುರುವಾಯಿತು. ಅಕ್ಕನ ಮಾತು ನೆನಪಾಗಿ ಮೂರು ಸಲ ಬರೀ ‘ಎಡ’ ಎಂದೇ ಕೂಗಿದೆ. ಹುಡುಗಿ ನನ್ನನ್ನು ನೋಡಿ ನಕ್ಕಳು. ಆ ನಗು ನನಗೆ ಇವತ್ತಿಗೂ ಕಾಣುತ್ತದೆ. ಅಷ್ಟರಲ್ಲಿ ಮುಂದಿನ ಸಾಲಿನ ದೊಡ್ಡವರೊಬ್ಬರು ತಲೆದೂಗಿದರು. ಆಟ ಎಷ್ಟು ಕಠಿಣದ್ದು ಎಂದು ಅವರಿಗೆ ತೋರಿಸಬೇಕೆನಿಸಿತು. ಗಂಟಲೆತ್ತಿ ‘ಬಲ’ ಎಂದು ಕೂಗಿದೆ.

ಅವಳು ಬಂದಳು. ಸುತ್ತು ಬಿಟ್ಟು, ಕೋಲು ಎತ್ತಿಕೊಂಡು ನನ್ನ ಕಡೆಗೇ ಬಂದಳು. ಯಾರದೋ ಕೋಲು ಅವಳ ಬೆರಳ ಗಂಟಿಗೆ ಬಡಿಯಿತು. ಎರಡೂ ಸುತ್ತುಗಳು ಒಂದರೊಳಗೊಂದು ಸಿಕ್ಕಿಹಾಕಿಕೊಂಡವು. ಬೆಂಚಿನ ಕಡೆಯಿಂದ ನಗು ಎದ್ದಿತು.

ಟೀಚರ್ ಅವಳನ್ನು ಪಕ್ಕಕ್ಕೆಳೆದು, “ಇಷ್ಟು ದಿನ ಆದ್ರೂ ಎಡ ಬಲ ಗೊತ್ತಿಲ್ವಾ?” ಎಂದರು. ಮತ್ತೆ ನನ್ನ ಕಡೆ ತಿರುಗಿದರು. “ನೀನು ಸರಿಯಾಗಿ ಹೇಳಿಕೊಟ್ಟಿದ್ದೀಯಲ್ಲ?”

“ಹೌದು ಟೀಚರ್” ಎಂದೆ.

ಹುಡುಗಿ ನನ್ನನ್ನು ನೋಡಿದಳು. ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಳು. ಆಗ ಗೇಟಿನಿಂದ ಅವಳ ಅಮ್ಮ ಮೆಲ್ಲಗೆ ಕರೆದರು, “ಬಲ ಮಗಾ, ಪೋಯಿ.” ಬಾ ಮಗಳೇ, ಹೋಗೋಣ ಎಂದು.

ಆ ‘ಬಲ’ವನ್ನು ಅವಳು ತಪ್ಪು ತಿಳಿಯಲಿಲ್ಲ. ಕೋಲುಗಳನ್ನು ಮೆಟ್ಟಿಲ ಮೇಲೆ ಜೋಡಿಸಿಟ್ಟು ಹೋದಳು. ಅವಳಿಲ್ಲದ ಸುತ್ತಿನಲ್ಲಿ ಕೋಲಾಟ ಮುಂದುವರಿಯಿತು. ನಾನು ಕೂಗುತ್ತಲೇ ಇದ್ದೆ, ‘ಬಲಗಡೆ’ ಎಂದು. ತಾಳ ಒಂದು ಸಲವೂ ತಪ್ಪಲಿಲ್ಲ.

ಮರುವಾರದಿಂದ ಬೆಂಗ್ರೆಯ ದೋಣಿಯಲ್ಲಿ ಅವಳು ಬರಲಿಲ್ಲ. ನಾನೊಂದು ದಿನ ದೋಣಿ ನಿಲ್ಲುವ ದಕ್ಕೆಯವರೆಗೆ ಹೋಗಿ ನಿಂತೆ. ಯಾರನ್ನಾದರೂ ವಿಚಾರಿಸೋಣವೆಂದರೆ ಹೆಸರೇ ಗೊತ್ತಿಲ್ಲ.

ಮೊಮ್ಮಕ್ಕಳೇ, ನಮ್ಮ ಕಾಲದಲ್ಲಿ ಕುಣಿತಕ್ಕೆ ಒಂದು ಗಂಟಲು ಬೇಕಿತ್ತು. ನಿಮಗೆ ದೇರೆಬೈಲಿನ ಈ ಮನೆಯ ಜಗಲಿಯಲ್ಲಿ ಟೇಪ್ ರೆಕಾರ್ಡರ್ ಉಂಟು. ತಪ್ಪಿದರೆ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿಕೊಳ್ಳುತ್ತೀರಿ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ಎಲ್ಲರಿಗೂ ಡ್ಯಾನ್ಸ್ ಕಲಿಸುತ್ತಾ ‘ರೈಟ್’ ಎಂದಾಗ ಚಿಕ್ಕವಳು ಬಲಕ್ಕೆ ತಿರುಗದೆ ನೇರ ಮುಂದೆ ಓಡಿ ಗೋಡೆಗೆ ಹಣೆ ಬಡಿದುಕೊಂಡಳಲ್ಲ. ನೀವೆಲ್ಲ ನಕ್ಕಿರಿ. ದೊಡ್ಡವಳು ಮಾತ್ರ ಟೇಪು ನಿಲ್ಲಿಸಿ ಹತ್ತಿರ ಹೋಗಿ ಕೇಳಿದಳು, “ನಿಂಗೆ ಎಂತ ಕೇಳಿತು?”

“ಬಸ್ಸು ಬಿಡ್ಲಿಕ್ಕೆ ಕಂಡಕ್ಟರ್ ಹೇಳ್ತಾರಲ್ಲ, ರೈಟ್ ಅಂತ” ಎಂದಳು ಚಿಕ್ಕವಳು.

“ಹಾಗಾದ್ರೆ ನಾನು ಬಲಗಡೆ ಅಂತ ಹೇಳ್ತೇನೆ” ಎಂದು ದೊಡ್ಡವಳು ಟೇಪನ್ನು ಹಿಂದಕ್ಕೆ ತಿರುಗಿಸಿದಳು.

ಅಜ್ಜಿ ಯಾಕೆ ಎದ್ದು ಒಳಗೆ ಹೋದರು ಎಂದು ಆಗ ನೀವು ಕೇಳಿದಿರಿ. ಇದಕ್ಕೇ.