ಸೊಸೆಯ ಎಡಗೈ

ತೊಗರಿಯ ಚೀಲ ಹೊಲಿಯುತ್ತಿದ್ದ ನನ್ನ ಸೊಸೆ ಮಹಾದೇವಿ ದಬ್ಬಣ ಬಿಟ್ಟು ಎದೆ ಹಿಡಿದು ಕುಂತಳು. ದವಡೆಯೂ ಜಗ್ಗುತ್ತಿತ್ತು. ಉದಗೀರದಲ್ಲಿ ನಮ್ಮದು ಕಾಳಿನ ಅಂಗಡಿ. ಮಗ ಖರೀದಿಗೆಂದು ನಿಲಂಗಾ, ಉಮರ್ಗಾ ತಿರುಗುತ್ತಾನೆ. ಅಂಗಡಿ ನಡೆಸುವವಳು ಆಕೆಯೇ.

"ಪಿತ್ತ ಆಗ್ಯಾದ್ರೀ ಅತ್ತಿ."

"ಪಿತ್ತಕ್ಕ ದವಡಿ ಯಾಕ ಜಗ್ತದ? ಏಳು," ಎಂದು ರಿಕ್ಷಾ ಹತ್ತಿಸಿದೆ.

ಇಸಿಜಿ ನೋಡಿದವರು ಲಾತೂರಿಗೆ ಕಳಿಸಿದರು. ಅಲ್ಲಿ ಆಂಜಿಯೋಗ್ರಫಿ. ಕೊರಳಲ್ಲಿ ಏನೂ ಇರಬಾರದು ಎಂದಳು ನರ್ಸ್. ಮಹಾದೇವಿ ತಾಳಿ ಬಿಚ್ಚಿ ಕೊಟ್ಟಳು. ಇಷ್ಟಲಿಂಗದ ಬೆಳ್ಳಿ ಕರಡಿಗೆ ಮಾತ್ರ ಕೊಡಲಿಲ್ಲ.

"ಜೀವ ಹೋದ್ರೂ ಮೈಮ್ಯಾಲಿಂದ ತಗ್ಯಾಂಗಿಲ್ಲ."

"ಜೀವ ಹೋಗಬಾರದಂತನೇ ಬಂದೀವಿ, ಹುಚ್ಚಿ!" ಎಂದು ನಾನೇ ಕೊರಳಿಗೆ ಕೈ ಹಾಕಿದೆ. ತಡೆದಳು. ಈ ಮನೆಗೆ ಬಂದ ಮೇಲೆ ನನ್ನ ಕೈ ತಡೆದದ್ದು ಅದೇ ಮೊದಲು.

ಡಾಕ್ಟರು ಮರಾಠಿಯವರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನಳಿಗೆ ಹಾಕುವುದು ಬಲಗೈಯಿಂದ, ಎಡಗೈಯಲ್ಲಿ ಹಿಡಿದುಕೊಳ್ಳಲಿ, ಅಲುಗಬಾರದು ಅಷ್ಟೇ ಎಂದರು. ದಿನಾ ಮುಂಜಾನೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ನೆಟ್ಟು ಕೂಡುವವಳಿಗೆ ಅಲುಗದೆ ಇರುವುದನ್ನು ಯಾರು ಕಲಿಸಬೇಕು?

ಮುಗಿಸಿ ಹೊರಬಂದ ಡಾಕ್ಟರು, "ಆಜಿ, ನಿಮ್ಮ ಸೊಸೆ ಕಲ್ಲಿನ ಹಾಗೆ ಮಲಗಿದ್ದರು," ಎಂದರು. ಆಮೇಲೆ ಉಳಿದದ್ದು ಹೇಳಿದರು. ರಕ್ತನಾಳದಲ್ಲಿ ಕೊಬ್ಬು ಕಟ್ಟಿಲ್ಲ. ನಾಳದ ಗೋಡೆಯೇ ಬಾತಿದೆ. ಕೊರೊನರಿ ಆರ್ಟರೈಟಿಸ್. ಅಪರೂಪದ ರೋಗ.

ಹೃದಯ ಒಮ್ಮೆಲೆ ನಿಲ್ಲಲೂಬಹುದು.

ಒಳಗೆ ಹೋದೆ. ಆಕೆಗೆ ಆಗಲೇ ಹೇಳಿದ್ದರು. ನನ್ನ ಮುಖ ನೋಡಿ, "ಅತ್ತಿ, ಅಂಗಡಿ ಕೀಲಿ ಹಾಕೀರಿಲ್ಲೋ?" ಎಂದಳು.

ನಾನು ಶಾಲೆ ಕಂಡದ್ದು ಕಡಿಮೆ. ಧೈರ್ಯದ ಬಗ್ಗೆ ದೊಡ್ಡ ಮಾತು ಬರುವುದಿಲ್ಲ. ಅಂಥ ಸುದ್ದಿ ಕೇಳಿಯೂ ಅಂಗಡಿಯ ಕೀಲಿ ವಿಚಾರಿಸಿದ ಇನ್ನೊಬ್ಬಳನ್ನು ಮಾತ್ರ ಕಂಡಿಲ್ಲ.

ಈಗ ಸ್ಟಿರಾಯ್ಡ್ ಗುಳಿಗೆಯಿಂದ ಮುಖ ಉಬ್ಬಿ ಗುಂಡಗಾಗಿದೆ. "ವೈನಿ, ಅತ್ತಿ ಛಲೋ ಉಣಸ್ಲಿಕತ್ತಾರ," ಎಂದು ಗಿರಾಕಿಗಳು ಚ್ಯಾಷ್ಟಿ ಮಾಡಿದರೆ, "ಹೂಂ, ಬರೀ ಗುಳಗಿ," ಎನ್ನುತ್ತ ತಕ್ಕಡಿ ಎತ್ತುತ್ತಾಳೆ. ಸ್ಕ್ಯಾನಿನಲ್ಲಿ ಬಾವು ಇಳಿದಿದೆ. ಪೂರಾ ಗುಣ ಎಂದು ಡಾಕ್ಟರು ಹೇಳಿಲ್ಲ. ನಾನೂ ಕೇಳಿಲ್ಲ.

ಮಧ್ಯಾಹ್ನ ಗಿರಾಕಿ ಇಲ್ಲದಾಗ ಆಕೆ ಚೀಲಕ್ಕೆ ಒರಗಿ ಕಣ್ಣು ಮುಚ್ಚುತ್ತಾಳೆ. ನಾನು ಎದುರಿಗೆ ಕೂತು ಆಕೆಯ ಎದೆಯ ಮೇಲಿನ ಕರಡಿಗೆ ನೋಡುತ್ತೇನೆ. ಏರುತ್ತದೆ. ಇಳಿಯುತ್ತದೆ. ಮತ್ತೆ ಏರುತ್ತದೆ.

ನಿನ್ನೆ ಕಣ್ಣು ತೆರೆಯದೆಯೇ ಅಂದಳು:

"ಇನ್ನಾ ಇದ್ದೀನ್ರೀ ಅತ್ತಿ. ಎಷ್ಟ್ ನೋಡ್ತೀರಿ, ಚಾ ಇಡ್ರಿ."

ಇಟ್ಟೆ.