ಅಗಸಿಯಲ್ಲಿ ನಿಂತ ಹುಡುಗಿ

ನಮ್ಮ ಪಕ್ಕದ ಮನೆಯ ಕಾಕು ಸೂಜಿಯನ್ನು ತುರುಬಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಕಸೂತಿ ಬಿಟ್ಟು ಎದ್ದರೆ ಅದರ ಕೆಂಪು ಎಳೆ ಕಿವಿಯ ಹಿಂದೆ ಇಳಿಬಿದ್ದು, ನಡೆದಂತೆಲ್ಲ ತೂಗುತ್ತಿತ್ತು. ಕಾಯಿಪಲ್ಲೆ ತರಲು ಹಾಗೇ ಹೋಗುತ್ತಿದ್ದರು, ಒಮ್ಮೆ ಮದುವೆ ಊಟಕ್ಕೂ ಹಾಗೇ ಬಂದಿದ್ದರು. ಯಾರೋ ಹೇಳಿದ್ದಕ್ಕೆ, "ಇರ್ಲಿ ಬಿಡ್ರಿ, ಬಂಗಾರದ್ದು ಇಲ್ಲ, ನೂಲಿಂದರ ತೂಗಲಿ" ಎಂದು ನಕ್ಕಿದ್ದರು.

ಮಾಳಮಡ್ಡಿಯಲ್ಲಿ ನಮ್ಮೆರಡು ಮನೆಗಳ ನಡುವೆ ಎದೆಮಟ್ಟದ ಒಂದು ಗೋಡೆ. ಸಂಜೆ ಅವರು ಹಿತ್ತಲ ಕಟ್ಟೆಯ ಮೇಲೆ ಇಳಕಲ್ ಸೀರೆಯ ಸೆರಗು ಹರಡಿಕೊಂಡು ಕೂರುತ್ತಿದ್ದರು. ಈಚೆ ಕಡೆ ನಾನು, ಡೈರಿ ಹಿಡಿದು. ತಾರೀಖು ಹಾಕಿ, ಮುಂದೆ ಅಂದು ಬರೆದ ಪುಟಗಳ ಸಂಖ್ಯೆ ಬರೆಯುವುದು ನನ್ನ ರೂಢಿ. ೨೦೦೧ರ ಬೇಸಿಗೆಯ ತುಂಬ ಅಲ್ಲಿ ಬರೀ ಸೊನ್ನೆಗಳು.

ಆಗ ನಾನು ಮೋಡದ ಮೇಲಿನ ಊರೊಂದರ ಕಥೆ ಬರೆಯುತ್ತಿದ್ದೆ. ಹುಬ್ಬಳ್ಳಿಯ ಒಂದು ವಾರಪತ್ರಿಕೆಯ ಸಂಪಾದಕರು, ದಸರೆಯೊಳಗೆ ಪೂರ್ತಿ ಬರೆದು ಕೊಟ್ಟರೆ ಧಾರಾವಾಹಿಯಾಗಿ ಹಾಕುತ್ತೇನೆ, ಅರ್ಧ ಬರೆದದ್ದು ಬೇಡ ಎಂದಿದ್ದರು. ಅಚ್ಚಾಗಬಹುದಾದ ನನ್ನ ಮೊದಲ ಬರಹ ಅದು. ಊರಿನ ನಕ್ಷೆ, ಅರಸರ ವಂಶಾವಳಿ, ಹಬ್ಬಗಳ ಪಟ್ಟಿ ಎಲ್ಲ ಸಿದ್ಧವಿದ್ದವು. ಆದರೆ ಎರಡನೆಯ ಅಧ್ಯಾಯದಲ್ಲೇ ಜಾಣತನ ತೋರಿಸಲು ಹೋಗಿ, ಊರ ಅಗಸಿಯ ಬಾಗಿಲು ಕೈಯಿಂದಲೂ ಆಯುಧದಿಂದಲೂ ಮಂತ್ರದಿಂದಲೂ ತೆರೆಯುವುದಿಲ್ಲ ಎಂದು ಬರೆದುಬಿಟ್ಟಿದ್ದೆ. ಕಥೆಯ ಹುಡುಗಿ ಆ ಬಾಗಿಲ ಮುಂದೆ ಬಂದು ನಿಂತಳು. ತೆರೆಯುವ ಬಗೆ ನನಗೂ ಗೊತ್ತಿರಲಿಲ್ಲ.

ಕಾಕು ದಿನಾ ಗೋಡೆಯಾಚೆಯಿಂದ ವಿಚಾರಿಸುತ್ತಿದ್ದರು.

"ಏನ ತಂಗಿ, ನಿನ್ನ ಹುಡಿಗಿ ಇನ್ನೂ ಅಗಸ್ಯಾಗ ನಿಂತಾಳೇನು?"

"ಹೂಂ ಕಾಕು."

"ಪಾಪ, ಕಾಲ ನೋಯ್ತಾವ. ಕುಂದರಾಕ ಒಂದು ಮಣಿಯರ ಕೊಡು."

ಅವರಿಗೆ ನನ್ನ ಪಾತ್ರಗಳೆಲ್ಲ ಓಣಿಯ ಮಂದಿಯಂತೆ. ಮುದಿ ಅರಸನ ಬಗ್ಗೆ, "ಅಂವಾ ಸೊಸಿ ಮಾತು ಕೇಳಾಂವ, ನಂಬಬ್ಯಾಡ" ಎಂದು ಎಚ್ಚರಿಸಿದ್ದರು.

ಜೂನ್ ತಿಂಗಳ ಒಂದು ಸಂಜೆ ನಾನು ಅಳುವುದೊಂದು ಬಾಕಿ ಇತ್ತು. ಬಾಗಿಲು ತೆರೆಯದೆ ಮುಂದಿನದನ್ನು ಹೇಗೆ ಬರೆಯಲಿ ಎಂದೆ. ಕಾಕು ಗೋಡೆಯ ಮೇಲೆ ಸೆರಗು ಹರಡಿದರು.

"ಇದೇನು ಹೇಳು?"

ಕಪ್ಪು ಬಟ್ಟೆಯ ಮೇಲೆ ಬಿಟ್ಟು ಬಿಟ್ಟು ಹಾಕಿದ ಕೆಂಪು ಹೊಲಿಗೆಗಳು. "ಇರುವಿ ಸಾಲು" ಎಂದೆ.

"ತೇರು ಅದು, ಹುಚ್ಚಿ! ಹೋಗೂ ಮುಂದ ಒಂದು ಬಿಟ್ಟು ಒಂದು ಹಾಕ್ಕೋತ ಹೋಗಬೇಕು. ಬರೂ ಮುಂದ ಬಿಟ್ಟಿದ್ದು ತುಂಬಕೋತ ಬರಬೇಕು. ಇಲ್ಲೇ ತುಂಬತೀನಿ ಅಂತ ಒಂದ ಕಡೆ ಕುಂತ್ರ ಎಳಿ ಮುಂದ ಹೋಗಂಗಿಲ್ಲ." ಸೆರಗು ಮಡಚುತ್ತ ಸೇರಿಸಿದರು: "ಆದ್ರ ಎಲ್ಲಿ ಬಿಟ್ಟೀದಿ ಅನ್ನೂದು ಮರೀಬ್ಯಾಡ."

ಮರುದಿನ ನಾನು ಎರಡು ಹಾಳೆ ಖಾಲಿ ಬಿಟ್ಟು, ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ, ಹುಡುಗಿಯನ್ನು ಊರೊಳಗೆ ಇಳಿಸಿದೆ. ಡೈರಿಯಲ್ಲಿ ನಾಲ್ಕು ಪುಟ ಎಂದು ಬಿತ್ತು. ಆಮೇಲೆ ಸೊನ್ನೆ ಬರಲಿಲ್ಲವೆಂದಲ್ಲ, ಆದರೆ ಬಂದ ಸೊನ್ನೆ ಕೂತುಕೊಳ್ಳಲಿಲ್ಲ. ಅಡ್ಡ ಬಂದ ಕಡೆ ಹಾಳೆ ಬಿಟ್ಟು ಮುಂದೆ ಹೋಗುತ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗಳ.

"ಕಥಿಯೊಳಗ ಒಂದು ಆನಿ ಹಾಕು. ಆನಿ ಇಲ್ಲದ ಸೆರಗು ನಾ ಯಾರಿಗೂ ಹಾಕಿ ಕೊಟ್ಟಿಲ್ಲ."

"ಮೋಡದ ಮ್ಯಾಲ ಆನಿ ಹ್ಯಾಂಗ ನಿಂದರತದ ಕಾಕು?"

"ಊರ ನಿಂತದಂತ, ಆನಿ ನಿಂದರಂಗಿಲ್ಲೇನು?"

ನನ್ನ ನಕ್ಷೆಯಲ್ಲಿ ಆನೆಗೆ ಜಾಗವಿಲ್ಲ ಎಂದು ಹಟ ಹಿಡಿದೆ. "ಆತು, ನಿನ್ನ ಊರು ನಿನಗ" ಎಂದು ಸೂಜಿಯನ್ನು ತುರುಬಿಗೆ ಸಿಕ್ಕಿಸಿ ಒಳಗೆ ಹೋದರು.

ಶ್ರಾವಣಕ್ಕೆ ಮೊದಲು ಅವರಿಗೆ ಉಸಿರಾಟದ ತೊಂದರೆ ಹೆಚ್ಚಿತು. ಮಗಳು ಹುಬ್ಬಳ್ಳಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಕಥೆಯ ಕೊನೆ ಮುಟ್ಟಿದ ಸುದ್ದಿ ಹೇಳಲು ನಾನು ಕಮರಿಪೇಟೆಯ ಆ ಮನೆಗೆ ಹೋದಾಗ ಕಾಕು ದಿಂಬಿಗೆ ಒರಗಿದ್ದರು. ತುರುಬು ಬಿಚ್ಚಿ ಸಡಿಲ ಜಡೆ ಹಾಕಿದ್ದರು. ಸೂಜಿ ಇರಲಿಲ್ಲ.

"ಅಗಸಿ ತೆರೀತೇನು?" ಎಂದರು.

"ಇಲ್ಲ ಕಾಕು. ಈಗ ಹೊಳ್ಳಿ ಬರಾಕತ್ತೇನಿ. ತುಂಬಕೋತ."

"ಲಗೂ ಬಾ" ಎಂದು ನನ್ನ ಕೈ ಒತ್ತಿದರು.

ನಾನು ಕೊನೆಯಿಂದ ಹಿಂದಕ್ಕೆ ಖಾಲಿ ಹಾಳೆಗಳನ್ನು ತುಂಬುತ್ತ ಬಂದೆ. ಅಗಸಿಯ ಎರಡು ಹಾಳೆ ಮಾತ್ರ ಉಳಿದಿದ್ದಾಗ ಅವರು ಹೋದ ಸುದ್ದಿ ಬಂತು. ಮಣ್ಣು ಮುಗಿಸಿ ಬಂದ ಮರುದಿನ ಹಿತ್ತಲಲ್ಲಿ ಕೂತೆ. ಗೋಡೆಯಾಚೆ ಕಟ್ಟೆ ಬರಿದಾಗಿತ್ತು. ಪೆನ್ನು ತೆಗೆದುಕೊಂಡು, ಅಗಸಿಯ ಒಳಗಡೆ ಒಂದು ಆನೆ ನಿಲ್ಲಿಸಿದೆ. ದೊಡ್ಡದು, ಮುದಿಯದು, ಯಾರ ಮಾತೂ ಕೇಳದ್ದು. ಅದಕ್ಕೆ ಬೆನ್ನು ತುರಿಸಿತು. ತಿರುಗಿ, ಬಾಗಿಲಿಗೆ ಒರಗಿ, ಹಾಯಾಗಿ ತಿಕ್ಕಿಕೊಂಡಿತು. ಕೈಯಿಲ್ಲ, ಆಯುಧವಿಲ್ಲ, ಮಂತ್ರವಿಲ್ಲ. ಬಾಗಿಲು ಕಿರ್ರೆಂದು ತೆರೆಯಿತು. ಅಷ್ಟು ದಿನ ನಿಂತಿದ್ದ ಹುಡುಗಿ ಒಳಗೆ ಕಾಲಿಟ್ಟಳು.

ಹಸ್ತಪ್ರತಿ ದಸರೆಗೆ ಮೊದಲೇ ಹುಬ್ಬಳ್ಳಿ ಸೇರಿತು, ಅಚ್ಚೂ ಆಯಿತು. ಆನೆ ಬಂದ ದಿನದ ಡೈರಿಯನ್ನು ಈಗಲೂ ತೆಗೆದು ನೋಡುತ್ತೇನೆ. ತಾರೀಖು ಇದೆ, ಪುಟಗಳ ಸಂಖ್ಯೆ ಇಲ್ಲ. ಅದರ ಜಾಗದಲ್ಲಿ ಕೆಂಪು ಪೆನ್ನಿನಿಂದ ಬರೆದಿದ್ದೇನೆ: "ಕಾಕು, ಆನಿ ಬಂತು."