ದೋಹಾದಿಂದ ನಾಲ್ಕೇ ಗಂಟೆ

ಅಥವಾ ಐದು ಗಂಟೆ ಎಂದಿತ್ತೋ ವಿಮಾನದ ವೇಳೆ ನೋಡಿದ ಆ ಪುಟದಲ್ಲಿ? ನಾಲ್ಕೆಂದೇ ಇಟ್ಟುಕೊಳ್ಳುತ್ತೇನೆ, ನನ್ನ ತಪ್ಪಿಗೆ ನಾಲ್ಕೇ ಹೊಂದುತ್ತದೆ. ದೋಹಾದಿಂದ ಬೆಂಗಳೂರಿಗೆ ಸುಮಾರು ಮೂರು ಸಾವಿರ ಕಿಲೋಮೀಟರ್. ಮೊಬೈಲಿನಲ್ಲಿ ಸಮುದ್ರದ ಮೇಲೊಂದು ಬಾಗಿದ ಗೆರೆ. ಗೆರೆಯುದ್ದಕ್ಕೂ ಒಂದು ರೈಲು ಸಿಗ್ನಲ್ಲೂ ಇರಲಿಲ್ಲ.

ದೋಹಾದಲ್ಲಿ ಲಾರಿ ಓಡಿಸುವ ಸೋದರಮಾವ ಅಕ್ಕನ ಮದುವೆಗೆ ಬರಬೇಕಿತ್ತು. ನಮ್ಮಲ್ಲಿ ಹೆಣ್ಣನ್ನು ಹಸೆಗೆ ಎತ್ತಿಕೊಂಡು ಹೋಗುವವನು ಸೋದರಮಾವ. ಅಪ್ಪನಿಲ್ಲದ ಅಕ್ಕನನ್ನು ಸಾಕಿದವನೂ ಅವನೇ. ಅವನು ಎತ್ತದಿದ್ದರೆ ತಾಳಿಗೆ ಕೊರಳು ಕೊಡುವುದಿಲ್ಲವೆಂದು ಅವಳು ಹೇಳಿಯೇಬಿಟ್ಟಿದ್ದಳು. ಬಂಗಾರಪೇಟೆಯ ಛತ್ರ, ಮುಹೂರ್ತ ಹತ್ತರಿಂದ ಹತ್ತೂಮುಕ್ಕಾಲು.

ಟಿಕೆಟ್ ತೆಗೆಯುವ ಮೊದಲು ಮಾವ ಫೋನು ಮಾಡಿದ. "ಬೆಳಗಿನ ಜಾವ ಎರಡಕ್ಕೆ ಬಿಟ್ಟು ಎಂಟೂವರೆಗೆ ಇಳಿಸ್ತದಂತೆ. ಸಾಲ್ತದೇನ್ಲಾ? ಇಲ್ಲಾಂದ್ರೆ ಒಂದಿನ ಮುಂಚೆ ಬತ್ತೀನಿ."

ನಾನು ವರ್ಷಗಟ್ಟಲೆ ಮಾರಿಕುಪ್ಪಂ ರೈಲಿನಲ್ಲಿ ಓಡಾಡಿದವನು. ಕೊನೆಯ ಸ್ಟೇಷನ್ನಿನ ವೇಳೆಯನ್ನು ಧಾರಾಳವಾಗಿ ಮುಂದಕ್ಕೆ ತಳ್ಳಿ ಬರೆದಿರುತ್ತಾರೆ ಎಂಬುದು ನಮ್ಮ ಕಡೆಯ ಕೈಗೂಸಿಗೂ ಗೊತ್ತು.

"ಆರಕ್ಕೇ ಇಳೀತೀಯ ಮಾವ. ನಾಲ್ಕೇ ಗಂಟೆ ಆರಾಟ. ಮಿಕ್ಕಿದ್ದು ಸುಮ್ನೆ ಬರ್ದಿರ್ತಾರೆ, ನಮ್ ಬಂಡಿ ತರ."

"ಅದೂ ನಿಜ ಅನ್ನು," ಎಂದ ಮಾವ. ಅವನೂ ಮಾರಿಕುಪ್ಪಂನವನೇ.

ಅವನಿಗೆ ಅಲ್ಲಿ ಏಳಾದರೆ ನಮಗಿಲ್ಲಿ ಒಂಬತ್ತೂವರೆ. ದಿನಾ ಫೋನಿನಲ್ಲಿ ಮಾತಾಡುವ ನಮಗಿಬ್ಬರಿಗೂ ಈ ಲೆಕ್ಕ ಬಾಯಿಪಾಠ. ವಿಮಾನವೂ ಈ ಲೆಕ್ಕಕ್ಕೆ ಒಳಪಟ್ಟಿದೆ, ಎರಡು ಅಲ್ಲಿಯದು, ಎಂಟೂವರೆ ಇಲ್ಲಿಯದು ಎಂದು ಇಬ್ಬರಿಗೂ ತೋಚಲಿಲ್ಲ.

ಮದುವೆಯ ಬೆಳಗ್ಗೆ ಎಂಟೂವರೆ ದಾಟಿದ ಮೇಲೆ ಫೋನು ಬಂತು. "ಈಗ ಇಳ್ದೆ ಕಣ್ಲಾ."

ಹತ್ತಕ್ಕೆ ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು. ಹತ್ತೂಕಾಲಿಗೆ ಪುರೋಹಿತರು ಗಡಿಯಾರವನ್ನೂ ನನ್ನನ್ನೂ ಸರದಿಯಂತೆ ನೋಡತೊಡಗಿದರು.

"ಸಮುದ್ರ ದಾಟ್ದೋನು ಒಸಕೋಟೆ ದಾಟಾಕಾಗ್ದೆ ಕುಂತವ್ನೆ," ಎಂದರು ದೊಡ್ಡಪ್ಪ. "ಲೇ ಲೆಕ್ಕದ ಮೇಷ್ಟ್ರೇ, ಓಗಿ ತಿರುವಲ್ಲಿ ನಿಂತ್ಕೋ. ಕಾರಿಗೆ ದಾರಿನಾದ್ರೂ ನೆಟ್ಟಗೆ ತೋರ್ಸು."

ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ನಿಂತೆ. ಟೊಮೆಟೊ ತುಂಬಿದ ಟೆಂಪೋಗಳು ಬಂದವು, ಬೂದಿಕೋಟೆ ಬಸ್ಸು ಬಂತು. ಛತ್ರದ ಕಡೆಯಿಂದ ಗಟ್ಟಿಮೇಳ ಕೇಳಿಸಿತು. ಓಡಿ ಹೋದರೆ ತಾಳಿ ಕಟ್ಟಿಯಾಗಿತ್ತು. ಮಾವ ಮಂಟಪದ ಪಕ್ಕದಲ್ಲೇ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಕಾರು ಹಿಂದಿನ ಬೀದಿಯಿಂದ ಬಂದಿತ್ತಂತೆ.

ಆಲ್ಬಮ್ಮಿನಲ್ಲಿ ಅವನು ಅಕ್ಕನನ್ನು ಎತ್ತಿಕೊಂಡ ಫೋಟೊ ಇದೆ. ಹೆಗಲ ಬ್ಯಾಗಿನಲ್ಲಿ ವಿಮಾನದ ಚೀಟಿ ಇನ್ನೂ ನೇತಾಡುತ್ತಿದೆ. ಆದರೆ ಆ ಫೋಟೊಗ್ರಾಫರ್ ಅವತ್ತು ಫೋಟೊಗೆಂದು ಧಾರೆಯನ್ನೇ ಎರಡು ಸಲ ಎರೆಸಿದವನು. ಅಕ್ಕನ ಹಾರ ದಪ್ಪ, ಕೊರಳು ಕಾಣುವುದಿಲ್ಲ.

"ನಾನೇ ಎತ್ತಿದ್ದು," ಎನ್ನುತ್ತಾನೆ ಮಾವ. "ಎತ್ತಿದ್ದು ನಿಜ," ಎನ್ನುತ್ತಾಳೆ ಅಕ್ಕ, ಅಷ್ಟೇ ಹೇಳಿ ಪುಟ ತಿರುವುತ್ತಾಳೆ. ತಾಳಿಗೆ ಮುಂಚೆಯೋ ಆಮೇಲೋ, ನನಗೆ ಗೊತ್ತಿಲ್ಲ.